ಎಬಿನೇಜರ್ ಮಾಸ್ತರರ ಉಸಿರು

ಧಾರವಾಡದ ಎಬಿನೇಜರ್ ಮಾಸ್ತರರಿಗೆ ಈಚೆಗೆ ಹಾಡಿನ ಒಂದು ಸಾಲನ್ನೂ ಪೂರ್ತಿ ಎಳೆಯಲು ಆಗುತ್ತಿರಲಿಲ್ಲ. ಅರ್ಧಕ್ಕೇ ಉಸಿರು ಕಟ್ಟುತ್ತಿತ್ತು. ಚರ್ಚಿನ ಗಾಯನ ಮಂಡಳಿಯಲ್ಲಿ ತಗ್ಗು ದನಿ ಅಂದರೆ ಅವರೇ. ಹಾಡುವವರು ಅಂದಮೇಲೆ ಔಷಧವೂ ಗಂಟಲಿಗೇ ತಾನೆ! ಒಬ್ಬರು ಜ್ಯೇಷ್ಠಮಧು ತಂದರು, ಇನ್ನೊಬ್ಬರು ಕಲ್ಲುಸಕ್ಕರೆ ಕೊಟ್ಟರು. ಎದೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಮಾಸ್ತರರು ಮಂಡಳಿ ಬಿಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತರು. ಕ್ರಿಸ್‌ಮಸ್ ಹಾಡಿನ ಅಭ್ಯಾಸ ಕಿವಿಗೆ ಬಿದ್ದಾಗಲೆಲ್ಲ, ಇನ್ನೊಂದೇ ಒಂದು ಸಲ ಅಲ್ಲಿ ನಿಂತು ಹಾಡಬೇಕು ಎಂದು ಜೀವ ಹಂಬಲಿಸುತ್ತಿತ್ತು.

ಒಂದು ಸಂಜೆ ಅವರು ಮನೆಯ ಮೆಟ್ಟಿಲ ಮೇಲೇ ಕುಸಿದು ಕೂತದ್ದನ್ನು ಪಕ್ಕದ ಮನೆಯ ನರ್ಸ್ ಗುಲ್ಜಾರಬಿ ನೋಡಿದರು.

"ಮಾಸ್ತರ್ರ, ಎದಿ ಬಿಗದಂಗ ಆಗತೈತೇನ್ರಿ?"

"ಸ್ವಲ್ಪ. ಕುಂತರ ಹೋಗತೈತಿ. ಗಂಟಲಾ ಕೆಟ್ಟೈತಿ ಬಿಡವಾ."

"ಗಂಟಲಾ ಕೆಟ್ಟರ ಮೆಟ್ಟಲಾ ಹತ್ತುವಾಗ ಯಾಕ ದಮ್ಮು ಬರತೈತ್ರಿ? ಈಗ ದವಾಖಾನಿಗೆ ನಡ್ರಿ. ಇಸಿಜಿ ತಗಸೂಣು, ರಕ್ತಾನೂ ತೋರಸೂಣು."

ಮಾಸ್ತರರು ನಕ್ಕರು. "ಎದಿ ಇಲ್ಲೈತಿ. ತೋಳಿಗೆ ಸೂಜಿ ಚುಚ್ಚಿ ಏನ ನೋಡತಾರವಾ?"

"ಉಂಡಿದ್ದನ್ನ ಮೈ ಅರಗಿಸಿ ಬಳಸತೈತಲ್ರಿ, ಆವಾಗ ಸಕ್ಕರಿ, ಕೊಬ್ಬಿನಂಥಾ ಸಣ್ಣ ಸಣ್ಣ ಪದಾರ್ಥ ರಕ್ತದಾಗ ಕೂಡತಾವ. ಅವಕ್ಕ ಮೆಟಬೊಲೈಟ್ ಅಂತಾರ. ಅವು ಹೆಚ್ಚುಕಮ್ಮಿ ಆದ್ರ ಡಾಕ್ಟರಿಗೆ ಎದಿ ಬಗ್ಗೆ ಸುಳಿವು ಸಿಗತೈತಿ. ಇಂಥಾವು ಇನ್ನೂ ಭಾಳ ಅದಾವ, ಸಂಶೋಧನಾ ನಡದೈತಿ. ಆದ್ರ ಬರೇ ರಕ್ತಾ ನೋಡಿ ತೀರ್ಮಾನ ಮಾಡಂಗಿಲ್ರಿ. ಇಸಿಜಿ, ಎದಿ ಸ್ಕ್ಯಾನ್ ಮಾಡೂ ಎಕೋ ಎಲ್ಲಾ ಕೂಡಿಸಿ ಹೇಳತಾರ."

"ಏನರ ಸಿಕ್ಕರ? ಹಾಡಬ್ಯಾಡ ಅಂದ್ರ?" ಮಾಸ್ತರರ ದನಿ ಸಣ್ಣದಾಯಿತು. ಅವರ ಭಯ ಇದ್ದದ್ದೇ ಅಲ್ಲಿ.

ಮಾತು ಕೇಳಿ ಹೆಂಡತಿ ರೂಬಿ ಒಳಗಿನಿಂದ ಬಂದರು. "ನಿಮ್ಮ ಹಾಡಿಲ್ಲದ ಮನಿ ಬಿಕೋ ಅನ್ನಾಕತ್ತೈತ್ರಿ. ಆದ್ರೂ ಹಾಡಿಲ್ಲದ ಹ್ಯಾಂಗರ ಇರತೇನಿ, ನೀವಿಲ್ಲದ ಹ್ಯಾಂಗ ಇರಲಿ?" ಎಂದವರೇ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದರು. ಮಾಸ್ತರರು ಎದ್ದರು.

ರಕ್ತದಲ್ಲಿ ಕೊಬ್ಬು, ಸಕ್ಕರೆ ಎರಡೂ ಏರಿದ್ದವು. ಮುಂದಿನ ತಪಾಸಣೆಯಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿರುವುದು ಗೊತ್ತಾಯಿತು. ಚಿಕಿತ್ಸೆಯೂ ಆಯಿತು. "ಈ ಕ್ರಿಸ್‌ಮಸ್‌ಗೆ ಹಾಡೂದು ಬ್ಯಾಡ್ರಿ ಮಾಸ್ತರ, ಮುಂದ ನೋಡೂಣು" ಎಂದರು ಡಾಕ್ಟರು.

ಕ್ರಿಸ್‌ಮಸ್ ದಿನ ಮಾಸ್ತರರು ರೂಬಿಯ ಪಕ್ಕದಲ್ಲಿ ಕೂತು ಹಾಡು ಕೇಳಿದರು. ಅದರಲ್ಲಿ ತಮ್ಮ ದನಿ ಇಲ್ಲವಲ್ಲ ಎಂದು ಕಣ್ಣು ತುಂಬಿತು. ರೂಬಿ ಅವರ ಕೈ ಹಿಡಿದುಕೊಂಡರು.

"ಬರೂ ವರ್ಷ ಹಾಡತೇನಿ" ಎಂದರು ಮಾಸ್ತರರು. ಬರುವ ವರ್ಷದ ಮಾತಾಡಲು ಅವರು ಉಳಿದಿದ್ದರು.

ನಡೆಯುವಾಗ, ಮೆಟ್ಟಿಲು ಹತ್ತುವಾಗ ನಿಮಗೂ ಎದೆ ಬಿಗಿಯುತ್ತದೆಯೇ? ಉಸಿರು ಸಾಲುವುದಿಲ್ಲವೇ? ವಾಯು, ವಯಸ್ಸು, ಗಂಟಲು ಎಂದು ನೆವ ಹೇಳಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ, ಡಾಕ್ಟರು ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿಸಿ. ನಿಮ್ಮ ದನಿ ಕೇಳಲು ಮನೆಯಲ್ಲಿ ಒಬ್ಬರು ಕಾಯುತ್ತಿದ್ದಾರೆ.