ಮರ ಅಣ್ಣನದು, ಹುಲ್ಲು ತಂಗಿಯದು

ಅಪ್ಪ ಹಾಸಿಗೆ ಹಿಡಿದಿದ್ದಾಗ ಮಕ್ಕಳಿಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ಸಪೋಟ ತೋಟದಲ್ಲಿ ನಿನಗೇನು ಬೇಕು ಎಂದು ಕೇಳಿದ. ಮಗ ಮರ ಬೇಕು ಎಂದ. ಮಗಳು ನೆಲ ಬೇಕು ಎಂದಳು. ಇಬ್ಬರೂ ಕೇಳಿದ್ದು ಇಡೀ ತೋಟವನ್ನೇ. ಆದರೆ ಮಕ್ಕಳು ಒಂದೇ ವಸ್ತುವಿಗೆ ಕೈಚಾಚಲಿಲ್ಲವಲ್ಲ ಎಂದು ಅಪ್ಪನಿಗೆ ಎಷ್ಟು ಸಮಾಧಾನವಾಯಿತೆಂದರೆ, ವಕೀಲರನ್ನು ಕರೆಸಿ ಇಬ್ಬರ ಮಾತನ್ನೂ ಹಾಗೆಯೇ ಬರೆಸಿದ. ಮರಗಳು ಮಗನಿಗೆ, ನೆಲ ಮಗಳಿಗೆ. ಆಮೇಲೆ ನಾಲ್ಕು ದಿನ ನಗುನಗುತ್ತಲೇ ಇದ್ದು ತೀರಿಕೊಂಡ.

ಬೇರೆ ಮನೆಯಾಗಿದ್ದರೆ ಅಣ್ಣತಂಗಿ ಕೂತು ಮಾತಾಡಿ ಅರ್ಧರ್ಧ ಮಾಡಿಕೊಳ್ಳುತ್ತಿದ್ದರೇನೋ. ಆದರೆ ಈ ಅಣ್ಣ ಮೂವತ್ತೆರಡು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತನಾದವನು. ಊರವರ ಬಾಯಲ್ಲಿ ಪ್ರೂಫಪ್ಪ. ಯಾರಾದರೂ ಮದುವೆಯ ಕರೆಯೋಲೆ ಕೊಟ್ಟರೆ ಕಿವಿಯ ಮೇಲಿನ ಕೆಂಪು ಪೆನ್ಸಿಲ್ ತೆಗೆದು ಮೊದಲು ತಪ್ಪು ತಿದ್ದುತ್ತಿದ್ದ, ಆಮೇಲೆ ಸಂತೋಷ ಎನ್ನುತ್ತಿದ್ದ. ಅಚ್ಚಾದದ್ದಕ್ಕೆ ಅಚ್ಚಾದಷ್ಟೇ ಅರ್ಥ ಎಂಬುದು ಅವನ ನಂಬಿಕೆ. ಉಯಿಲಿನಲ್ಲಿ ಮರ ಎಂದಿದೆ, ಮರ ತನ್ನದು. ನೆಲ ಎಂದಿದೆ, ನೆಲ ಅವಳದು. ಮುಗಿಯಿತು.

ಆರು ವರ್ಷ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಇಪ್ಪತ್ತೆರಡು ಮರಗಳ ಕೆಳಗೆ ನೆಲ ಬೋಳಾಗಿತ್ತು. ಅವನು ಹಣ್ಣು ಕೊಯ್ಯಲು ಬರುತ್ತಿದ್ದ, ಹೋಗುತ್ತಿದ್ದ. ತಂಗಿ ತೋಟದ ಮಗ್ಗುಲಿನ ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುತ್ತಿದ್ದಳು. ತೊಂದರೆ ಶುರುವಾದದ್ದು ಎರಡು ಹಸು ನಾಲ್ಕಾದ ಮೇಲೆ. ಮೇವು ಸಾಲದೆ ಅವಳು ದನದ ಡಾಕ್ಟರಮ್ಮನ ಹತ್ತಿರ ಗೋಳು ಹೇಳಿಕೊಂಡಾಗ ಆಕೆ ತೋಟವನ್ನೊಮ್ಮೆ ಸುತ್ತಿ ನೋಡಿ, ಇಷ್ಟು ನೆಲ ಖಾಲಿ ಬಿಟ್ಟುಕೊಂಡು ಹುಲ್ಲಿಲ್ಲ ಅಂತೀರಲ್ಲ ಎಂದು ಬೈದು ಹೋದಳು. ಮರುವಾರ ನೆರಳನ್ನು ತಡೆಯುವ ಜಾತಿಯ ಮೇವಿನ ಹುಲ್ಲಿನ ಬುಡಗಳನ್ನು ಬೇರುಸಮೇತ ಒಂದು ಚೀಲ ತಂದುಕೊಟ್ಟಳು. ತಂಗಿ ಮರದ ಸಾಲುಗಳ ನಡುವೆ ಅಗೆದು ನೆಟ್ಟಳು. ರಸ್ತೆಯ ಕಡೆ, ಬಿಸಿಲು ಬೀಳುವಲ್ಲಿ, ಹುಲ್ಲು ಎರಡೇ ತಿಂಗಳಿಗೆ ಸೊಂಟದ ಮಟ್ಟಕ್ಕೆ ಬಂತು. ಒಳಗೆ, ಕೊಂಬೆಗೆ ಕೊಂಬೆ ಹೆಣೆದುಕೊಂಡು ಮಟಮಟ ಮಧ್ಯಾಹ್ನವೂ ಮಬ್ಬಾಗಿರುತ್ತಿದ್ದ ಜಾಗದಲ್ಲಿ, ಹಳದಿ ದಾರದಂತೆ ನಾಲ್ಕೆಳೆ ಎದ್ದು ಮಲಗಿತು. ಡಾಕ್ಟರಮ್ಮ ಮತ್ತೆ ಬಂದು ನೋಡಿ, ಎಂಥ ನೆರಳು ತಡೆಯುವ ಹುಲ್ಲಿಗೂ ಅರ್ಧ ಬಿಸಿಲಾದರೂ ಬೇಕು, ಕೊಂಬೆ ಸವರಿಸಿ ಎಂದಳು.

ಅಣ್ಣನ ಮುಂದೆ ತಂಗಿ ಮಾತು ತೆಗೆದದ್ದೇ ತಡ, ಅವನು ಎದ್ದು ನಿಂತ. ಒಂದೆಲೆ ಕೂಡ ಮುಟ್ಟಕೂಡದು ಎಂದ. ಅಷ್ಟಕ್ಕೇ ಬಿಡದೆ, ಅವಳ ಹುಲ್ಲು ತನ್ನ ಮರದ ಪಾಲಿನ ನೀರು ಕುಡಿಯುತ್ತಿದೆ, ಈ ಸಲ ಕಾಯಿ ಸಣ್ಣದಾಗಿದೆ, ದಾರ ಸುತ್ತಿ ಅಳೆದಿದ್ದೇನೆ ಎಂದು ದಾರವನ್ನೂ ತೋರಿಸಿದ. ತಂಗಿಗೂ ಅಪ್ಪನ ರಕ್ತವೇ.

"ನೆರಳು ನಿಂದು, ಆಯ್ತು. ಬಿದ್ದಿರೋದು ನನ್ನ ನೆಲದ ಮೇಲೆ," ಎಂದಳು. "ಅದನ್ನ ಎತ್ಕೊಂಡ್ ಹೋಗು. ಅಲ್ಲೀವರ್ಗೂ ನನ್ನ ನೆಲಕ್ಕೆ ಕಾಲಿಡ್ಬೇಡ."

ಪ್ರೂಫಪ್ಪ ಆ ಮಾತನ್ನೂ ಅಚ್ಚಾದ ಮಾತೆಂದೇ ತೆಗೆದುಕೊಂಡ. ಹಾಗಾದರೆ ಹಣ್ಣು ಕೊಯ್ಯುವುದು ಹೇಗೆ? ಎರಡು ದಿನ ಯೋಚಿಸಿದ. ಮೂರನೆಯ ದಿನ ಬಿದಿರಿನ ಹಗುರ ಏಣಿಯೊಂದನ್ನು ಹೊತ್ತು ತಂದು ರಸ್ತೆ ಬದಿಯ ಮೊದಲ ಮರಕ್ಕೆ ಚಾಚಿದ. ರಸ್ತೆ ಯಾರಪ್ಪನದೂ ಅಲ್ಲವಲ್ಲ. ಹತ್ತಿ, ಏಣಿಯನ್ನು ಮೇಲಕ್ಕೆಳೆದುಕೊಂಡು, ಆ ಮರದ ಕೊಂಬೆಯಿಂದ ಮುಂದಿನ ಮರದ ಕೊಂಬೆಗೆ ಅಡ್ಡ ಇಟ್ಟು, ನಾಲ್ಕು ಕಾಲಲ್ಲಿ ತೆವಳಿಕೊಂಡು ದಾಟಿದ. ಅರವತ್ತೊಂದು ವಯಸ್ಸು, ಸೊಂಟಕ್ಕೆ ಕಟ್ಟಿದ ಚೀಲ, ಕಣ್ಣಿಗೆ ಕನ್ನಡಕ, ಕಿವಿಯ ಮೇಲೆ ಪೆನ್ಸಿಲ್. ಸೈಕಲ್ಲಿನಲ್ಲಿ ಹೋಗುತ್ತಿದ್ದವರು ಇಳಿದು ನಿಂತು ನೋಡಿದರು. ಶಾಲೆ ಬಿಟ್ಟ ಮಕ್ಕಳು ದಿನಾ ಅದೇ ದಾರಿಯಲ್ಲಿ ಬರತೊಡಗಿದವು.

ಹೆಂಡತಿ ತಲೆ ಚಚ್ಚಿಕೊಂಡಳು. ತಂಗಿಯ ಹತ್ತಿರ ಒಂದು ಮಾತು ಸೋತರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಕೇಳಿದಳು. ಪ್ರೂಫಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ವಾರ ಒಂದು ಹಣ್ಣನ್ನೂ ಕೆಳಗೆ ಬೀಳಿಸದೆ ಕೊಯ್ದ. ಮೊಣಕಾಲು ಬಾತುಕೊಂಡಿತ್ತು, ಅಂಗೈಗೆ ಸಪೋಟದ ಹಾಲು ಮೆತ್ತಿ ಅನ್ನ ಕಲಸಿದರೆ ಬೆರಳು ಬಿಡಿಸಲಾಗುತ್ತಿರಲಿಲ್ಲ, ಆದರೂ ಗೆದ್ದೆ ಎಂಬ ಬೀಗು ಇತ್ತು.

ಎಂಟನೆಯ ದಿನ ಬೆಳಿಗ್ಗೆ ತೋಟದ ನಟ್ಟನಡುವಿನ ಮರಕ್ಕೆ ದಾಟಿ, ಕವಲಿನಲ್ಲಿ ಕೂತು, ಉಸ್ಸೆಂದು ಕಾಲು ಚಾಚಿದ. ಕಾಲು ಏಣಿಗೆ ತಗುಲಿತು. ಏಣಿ ಒಂದು ಕ್ಷಣ ಯೋಚಿಸಿದಂತೆ ನಿಂತು, ಮೆಲ್ಲಗೆ ಹೊರಳಿ, ಕೆಳಗೆ ಬಿತ್ತು.

ನೆಲ ಒಂದೂವರೆ ಆಳು ಕೆಳಗಿತ್ತು. ಕಾಂಡವನ್ನು ತಬ್ಬಿ ಜಾರಿದರೆ ಮೈಕೈ ತರಚಿಕೊಂಡಾದರೂ ಇಳಿಯಬಹುದಿತ್ತು. ಆದರೆ ಇಳಿದರೆ ಕಾಲಿಡುವುದೆಲ್ಲಿ? ಅವನು ಕೂತೇ ಇದ್ದ. ಸ್ವಲ್ಪ ಹೊತ್ತಿಗೆ ಕೊರಳ ಗಂಟೆಗಳ ಸದ್ದು ಕೇಳಿಸಿತು. ತಂಗಿ ಹಸುಗಳನ್ನು ಹುಲ್ಲಿಗೆ ಬಿಡಲು ಬಂದಿದ್ದಳು. ಕಂದು ಹಸು ನೇರವಾಗಿ ಏಣಿಯ ಹತ್ತಿರ ಬಂದು ಮೂಸಿ ನೋಡಿತು. ತಂಗಿಯೂ ಬಂದು ನೋಡಿದಳು. ಏಣಿಯನ್ನು ನೋಡಿದಳು, ತಲೆ ಎತ್ತಿ ಅಣ್ಣನನ್ನು ನೋಡಿದಳು, ಮತ್ತೆ ಏಣಿಯನ್ನು ನೋಡಿದಳು.

"ಬಿತ್ತಾ?" ಎಂದಳು.

"ಇಲ್ಲ, ನಾನೇ ಇಳಿಸ್ದೆ."

"ಇಳಿಯೋದಾದ್ರೆ ಒಂದ್ಮಾತು ಕೇಳು. ಬೇಡ ಅನ್ನಲ್ಲ."

"ನಾನ್ಯಾಕೆ ಇಳೀಲಿ? ನನ್ನ ಮರದ ಮೇಲೆ ನಾನು ಕೂತಿದ್ದೀನಿ."

ತಂಗಿ ಸರಿ ಎಂದು ಹಸುಗಳ ಕಡೆ ಹೋದಳು. ಹೋಗುವಾಗ ಏಣಿಯನ್ನು ಎತ್ತಿ ಇನ್ನೊಂದು ಮರಕ್ಕೆ ಒರಗಿಸಿದಳು, ಹಸು ತುಳಿದು ಮುರಿದೀತು ಎಂದು. ಆ ಮರ ಇಪ್ಪತ್ತೈದು ಅಡಿ ದೂರವಿತ್ತು.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹೆಂಡತಿ ಬಂದಳು. ವಿಷಯ ತಿಳಿದು ಆಶ್ಚರ್ಯವನ್ನೇನೂ ಪಡಲಿಲ್ಲ. ತಂಗಿ ಕೊಟ್ಟಿಗೆಯಿಂದ ಹಗ್ಗ ತಂದು ಎಸೆದಳು. ಪ್ರೂಫಪ್ಪ ಡಬ್ಬಿಯನ್ನು ಮೇಲಕ್ಕೆ ಸೇದಿಕೊಂಡ. ಹೆಂಗಸರಿಬ್ಬರೂ ಕೆಳಗೆ ಗೋಣಿ ಹಾಸಿಕೊಂಡು ಕೂತು ಉಂಡರು. ಅವರ ಮಾತೆಲ್ಲ ಮೇಲೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ತನ್ನ ಮನೆಯ ಕಾಫಿಗೆ ಆರು ವರ್ಷದಿಂದ ಬೀಳುತ್ತಿದ್ದದ್ದು ಅಂಗಡಿಯ ಹಾಲಲ್ಲ, ತಂಗಿಯ ಹಸುವಿನದು ಎಂಬುದು ಅವನಿಗೆ ಗೊತ್ತಾದದ್ದು ಆವತ್ತೇ. ಜಗಳ ಶುರುವಾದ ಮೇಲೂ ಹಾಲು ನಿಂತಿರಲಿಲ್ಲ. ಅತ್ತಿಗೆ, ಕಂದು ಹಸು ಈಚೆಗೆ ಹಾಲು ಕಡಿಮೆ ಮಾಡಿದೆ, ಆದರೂ ಅಣ್ಣನ ಪಾಲಿನ ಚೊಂಬು ಎತ್ತಿಡ್ತೀನಿ ಎಂದು ತಂಗಿ ಹೇಳುತ್ತಿದ್ದಳು. ಪ್ರೂಫಪ್ಪನ ಗಂಟಲಲ್ಲಿ ತುತ್ತು ನಿಂತಿತು. ಕೆಮ್ಮಿದರೆ ಕದ್ದು ಕೇಳಿದೆ ಎಂದಾಗುತ್ತದೆ. ಕಣ್ಣಲ್ಲಿ ನೀರು ಬಂದರೂ ಕೆಮ್ಮದೆ ನುಂಗಿದ.

ಹೆಂಡತಿ ಡಬ್ಬಿ ತೆಗೆದುಕೊಂಡು ಹೊರಟುಹೋದಳು. ಸಂಜೆ ಊಟಕ್ಕೂ ಇಲ್ಲಿಗೇ ತರಬೇಕೋ ಹೇಗೆ ಎಂದು ಮಾತ್ರ ಕೇಳಿದಳು.

ಇನ್ನು ಮಾಡುವುದಕ್ಕೆ ಕೆಲಸವಿಲ್ಲ. ಕೈಗೆಟಕುವ ಕಾಯೆಲ್ಲ ಮುಗಿದಿತ್ತು. ಪ್ರೂಫಪ್ಪ ಕೂತಲ್ಲಿಂದ ಸುಮ್ಮನೆ ಸುತ್ತ ನೋಡತೊಡಗಿದ. ಈ ಮರವನ್ನು ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ ಅವನು ನೋಡಿದ್ದೇ ಇಲ್ಲ. ನೋಡುತ್ತಾ ನೋಡುತ್ತಾ ಅವನ ಮುಖ ಸಿಂಡರಿಸಿತು. ಎದುರಿಗೇ ಎರಡು ಕೊಂಬೆಗಳು ಒಂದರ ಮೇಲೊಂದು ಹಾದು, ಗಾಳಿ ಬಂದಾಗಲೆಲ್ಲ ಉಜ್ಜಿಕೊಂಡು, ತೊಗಟೆ ಕಿತ್ತು ಗಾಯವಾಗಿದ್ದವು. ಅದರಾಚೆ ಇನ್ನೊಂದು, ಬೆಳಕಿಲ್ಲದೆ ಎಲೆಯನ್ನೇ ಬಿಡದೆ ಒಣಗಿ ನಿಂತಿತ್ತು. ಒಳಕೊಂಬೆಗಳಲ್ಲಿ ಒಂದೇ ಒಂದು ಕಾಯಿಯಿಲ್ಲ. ಇದ್ದದ್ದೆಲ್ಲ ಹೊರಗೆ, ಬಿಸಿಲಿನ ಕಡೆ. ಅದೂ ಅಲ್ಲದೆ, ಹಸುಗಳು ದಿನಾ ಮಲಗಿ ಸಗಣಿ ಹಾಕುತ್ತಿದ್ದ ರಸ್ತೆ ಕಡೆಯ ಸಾಲಿನ ಎಲೆಗಳು ಕಪ್ಪು ಹಸಿರಾಗಿ ಹೊಳೆಯುತ್ತಿದ್ದವು, ತಾನು ಕೂತಿದ್ದ ಮರದ ಎಲೆಗಳು ಹಳೆಯ ಕಾಗದದ ಬಣ್ಣಕ್ಕಿದ್ದವು. ದಾರ ಸುತ್ತಿ ಅಳೆದ ಸಣ್ಣ ಕಾಯಿಗಳು ಯಾವ ಮರದವು ಎಂದು ನೆನಪು ಮಾಡಿಕೊಂಡ. ಹುಲ್ಲೇ ಹುಟ್ಟದ ಈ ನಡುಸಾಲಿನವು. ಹುಲ್ಲು ನೀರು ಕುಡಿಯಿತು ಎಂಬ ವಾದಕ್ಕೆ ಇಲ್ಲಿ ಹುಲ್ಲೇ ಇರಲಿಲ್ಲ.

ಇದನ್ನು ಯಾರ ಮುಂದೆ ಒಪ್ಪಿಕೊಳ್ಳುವುದು? ಅವನು ಅತ್ತಿತ್ತ ನೋಡಿದ. ಕಂದು ಹಸುವೊಂದೇ ಅವನ ಕಡೆ ನೋಡುತ್ತಿತ್ತು.

ತಪ್ಪು ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರುವುದು ಅವನ ಜಾಯಮಾನದಲ್ಲಿರಲಿಲ್ಲ. ಕೈ ತಾನಾಗಿಯೇ ಕಿವಿಯ ಹತ್ತಿರ ಹೋಯಿತು. ಉಜ್ಜಿಕೊಳ್ಳುತ್ತಿದ್ದ ಕೊಂಬೆಯ ಬುಡಕ್ಕೆ ಕೆಂಪು ಗೀಟೆಳೆದು, ತೆಗೆದುಹಾಕು ಎಂದು ಅಚ್ಚುಮೊಳೆ ಜೋಡಿಸುವವನಿಗೆ ಹಾಕುತ್ತಿದ್ದ ಸುರುಳಿ ಗುರುತು ಹಾಕಿದ. ಒಣಕೊಂಬೆಗೂ ಒಂದು ಹಾಕಿದ. ಹಾಕುತ್ತಾ ಹೋದಂತೆ ಇನ್ನಷ್ಟು ತಪ್ಪು ಕಂಡವು. ಹುಲ್ಲು ಕೊಯ್ಯುತ್ತಿದ್ದ ತಂಗಿ ಕುಡುಗೋಲು ಹಿಡಿದೇ ಮರದ ಬುಡಕ್ಕೆ ಬಂದು ನಿಂತಳು.

"ಏನ್ ಮಾಡ್ತಿದ್ದೀಯಣ್ಣ?"

"ಕಾಣಲ್ವಾ? ತಿದ್ತಾ ಇದ್ದೀನಿ." ಪೆನ್ಸಿಲ್ ಮತ್ತೆ ಕಿವಿಗೆ ಸೇರಿಸಿದ. ಅವಳ ಕಡೆ ನೋಡದೆ, "ಗರಗಸ ಇದ್ರೆ ಕೊಡು. ನಿನ್ನ ಹುಲ್ಲಿಗಲ್ಲ. ಮರಕ್ಕೆ ಬೇಕು," ಎಂದ.

ತಂಗಿ ಓಡಬಾರದು ಎಂದುಕೊಂಡೇ ಓಡಿದಳು. ಗರಗಸ ಡಾಕ್ಟರಮ್ಮ ಕೊಂಬೆ ಸವರಿಸಿ ಎಂದ ದಿನದಿಂದ ಸಾಣೆ ಹಿಡಿಸಿ, ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಕೊಟ್ಟಿಗೆಯ ಅಟ್ಟದಲ್ಲಿತ್ತು. ಹಗ್ಗಕ್ಕೆ ಕಟ್ಟಿ ಕಳಿಸಿದಳು. ಹಲ್ಲುಗಳ ಹೊಳಪು ನೋಡಿ ಅವನಿಗೆ ಎಲ್ಲ ಅರ್ಥವಾಯಿತು. ಮೊದಲ ಕೊಂಬೆ ಮುರಿದು ಕೆಳಗೆ ಬಿದ್ದಾಗ ಹಸುಗಳು ಬೆಚ್ಚಿ ಹಿಂದೆ ಸರಿದವು. ಎರಡನೆಯದು, ಮೂರನೆಯದು. ಮೂರನೆಯದು ಬಿದ್ದದ್ದೇ, ಎಷ್ಟೋ ವರ್ಷದಿಂದ ಬಿಸಿಲು ಕಾಣದಿದ್ದ ನೆಲದ ಮೇಲೆ ಚಾಪೆಯಗಲ ಬೆಳಕು ಬಿತ್ತು. ತಂಗಿ ಅದರೊಳಗೆ ಹೋಗಿ ನಿಂತು, ಬೆನ್ನಿಗೆ ಬಿಸಿಲು ತಾಕುತ್ತದೆಯೇ ಎಂದು ನೋಡಿದಳು.

ಅಣ್ಣ ಮೇಲಿನಿಂದಲೇ ತನ್ನ ಷರತ್ತು ಹೇಳಿದ. ಕಾಂಡದ ಸುತ್ತ ಒಂದು ಮಾರಿನಷ್ಟು ಹುಲ್ಲು ಇರಕೂಡದು, ಅಲ್ಲಿಗೆ ಸಗಣಿ ಗೊಬ್ಬರ ಹಾಕಬೇಕು. ಡಾಕ್ಟರಮ್ಮ ಮೊದಲ ದಿನವೇ ಅದನ್ನು ಹೇಳಿದ್ದಳು, ಹೇಳಲು ಬಂದರೆ ಕೊಂಬೆ ಎನ್ನುವಷ್ಟರಲ್ಲಿ ನೀನು ಎದ್ದು ನಿಂತೆ ಎಂದಳು ತಂಗಿ. ಪ್ರೂಫಪ್ಪ ಇನ್ನೊಂದು ಕೊಂಬೆ ಕಡಿದ.

ಹಾಲು ಕರೆಯುವ ಹೊತ್ತಾಯಿತು. ಈಗ ಇಳಿಯುವ ಪ್ರಶ್ನೆ. ಅವನು ಕೇಳಲಿಲ್ಲ, ಅವಳು ಕೇಳು ಎನ್ನಲಿಲ್ಲ. ಏಣಿಯನ್ನು ಸುಮ್ಮನೆ ತಂದು ಚಾಚಿದಳು. ಮೊದಲ ಮೆಟ್ಟಿಲಿಗೆ ಕಾಲಿಟ್ಟವನು ಕೊನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟ. ಜಪ್ಪಯ್ಯ ಎಂದರೂ ಕಾಲು ಕೆಳಗಿಡುವವನಲ್ಲ. ತಂಗಿ ಹುಲ್ಲಿನ ಹೊರೆ ತುಂಬಿದ್ದ ತಳ್ಳುಗಾಡಿಯನ್ನು ತಂದು ಏಣಿಯ ಬುಡಕ್ಕೆ ನಿಲ್ಲಿಸಿದಳು.

"ಹತ್ತು," ಎಂದಳು. "ಹೊರೆ ಮೇಲೆ ಕೂರು. ಗಟ್ಟಿಯಾಗಿ ಹಿಡ್ಕೋ."

ಪ್ರೂಫಪ್ಪ ಹತ್ತಿ ಕೂತ. ತಂಗಿ ತಳ್ಳಿದಳು. ಹಿಂದೆ ನಾಲ್ಕು ಹಸುಗಳೂ ಗಾಡಿಯ ಹುಲ್ಲಿಗೆ ಬಾಯಿ ಚಾಚುತ್ತಾ ಬಂದವು, ಕಂದು ಹಸು ಅವನ ಅಂಗಿಯ ತುದಿಯನ್ನೂ ಒಂದು ಸಲ ಜಗಿದು ನೋಡಿತು. ರಸ್ತೆಯಲ್ಲಿ ನಿಂತವರಿಗೆ ಏನನ್ನಿಸಿತೋ, ಇಬ್ಬರು ಕೈ ಮುಗಿದರು. ರಸ್ತೆಗೆ ಬಂದು ಇಳಿದ ಮೇಲೆ ಅವನು ಅಂಗಿ ಕೊಡವಿಕೊಂಡು, ನಾಳೆ ಏಳು ಗಂಟೆಗೆ ಬರುತ್ತೇನೆ, ಎರಡನೆಯ ಸಾಲು ನೋಡಬೇಕು ಎಂದ. ಹೇಗೆ ಬರುತ್ತೀಯ ಎಂದು ತಂಗಿ ಕೇಳಿದಳು.

"ಗಾಡಿ ಕಳಿಸು," ಎಂದ.

ಮೂರು ದಿನ ಗಾಡಿ ಹೋಯಿತು. ನಾಲ್ಕನೆಯ ದಿನ ತಂಗಿಗೆ ಬೆನ್ನು ಹಿಡಿದುಕೊಂಡಿತ್ತು, ಅವನೇ ನಡೆದುಕೊಂಡು ಒಳಗೆ ಬಂದ.

ಇಪ್ಪತ್ತೆರಡು ಮರಗಳನ್ನೂ ತಿದ್ದಿ ಮುಗಿಸಲು ತಿಂಗಳಾಯಿತು. ಆ ವರ್ಷ ಹಣ್ಣು ಕಡಿಮೆ ಬಂದವು, ಅದಕ್ಕೆ ಅವನು ಮುಖ ಊದಿಸಿಕೊಂಡದ್ದೂ ಉಂಟು. ಬಂದವು ಮಾತ್ರ ಅಂಗೈ ತುಂಬುವಂತಿದ್ದವು. ಒಳಸಾಲುಗಳಲ್ಲಿ ಹುಲ್ಲು ಮೊಣಕಾಲು ಮುಟ್ಟಿತು. ನೆಲದಿಂದ ಗೇಣೆತ್ತರ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತಿತ್ತು. ಬುಡಸಮೇತ ಬೋಳಿಸಿದೆಯಲ್ಲ ಎಂದು ಅಣ್ಣನೂ, ಕೊಂಬೆ ಇನ್ನೂ ದಟ್ಟವಾಗಿದೆ ಎಂದು ತಂಗಿಯೂ ವಾರಕ್ಕೊಮ್ಮೆ ಜಗಳ ಆಡುತ್ತಿದ್ದರು. ಕಂದು ಹಸು ಹಾಲು ಹೆಚ್ಚಿಸಿತು. ಬಿಸಿಲು ಏರಿದಾಗ ನಾಲ್ಕೂ ಮರದಡಿ ಮಲಗಿ ಮೆಲುಕು ಹಾಕುತ್ತಿದ್ದವು.

ಮರುವರ್ಷದ ಮೊದಲ ಮಳೆ ಬಿದ್ದ ಮೇಲೆ ಖಾಲಿ ಬಿದ್ದಿದ್ದ ಕಡೆಗಳಲ್ಲಿ ಹೊಸದಾಗಿ ಹುಲ್ಲಿನ ಬುಡ ನೆಡಬೇಕಿತ್ತು. ತಂಗಿ ಗುಂಡಿ ತೋಡುತ್ತಾ ಹೋದಳು. ಹುಟ್ಟಿದಮೇಲೆ ಮಣ್ಣಿಗೆ ಕೈ ಹಾಕದ ಪ್ರೂಫಪ್ಪ ಬಾತ ಮೊಣಕಾಲಿಗೆ ಗೋಣಿ ಕಟ್ಟಿಕೊಂಡು, ಮಂಡಿಯೂರಿ, ಒಂದೊಂದೇ ಬುಡ ಇಟ್ಟು ಮಣ್ಣು ಒತ್ತುತ್ತಾ ಬಂದ. ಆಗಾಗ ಎದ್ದು ನಿಂತು ಸಾಲು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಹೀಗೆ ನೋಡುತ್ತಾ ನಿಂತರೆ ಮಳೆ ಬರುತ್ತದೆ ಎಂದು ತಂಗಿ ಗದರಿದಳು. ಮಳೆ ಬಂದೇಬಿಟ್ಟಿತು. ಇಬ್ಬರೂ ನೆನೆದುಕೊಂಡೇ ಸಾಲಿನ ಕೊನೆ ಮುಟ್ಟಿಸಿ, ಕೊಟ್ಟಿಗೆಯ ಸೂರಿನ ನೀರಿಗೆ ಕೈ ಒಡ್ಡಿ ಮಣ್ಣು ತೊಳೆದುಕೊಂಡರು.