ಹನ್ನೊಂದು ಬಾರದ ಗೇನ್

೧೯೮೨. ಶಹಾಬಾದಿನ ಸಿಮೆಂಟ್ ಕಾರ್ಖಾನೆಯ ಮೀಟರ್ ವಿಭಾಗದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಪರೀಕ್ಷೆಗೆ ಬಂದವರು ಮೂವರು: ಕಾಶಪ್ಪ, ಭಗವಂತ, ಮತ್ತು ಡಿಪ್ಲೊಮಾ ಮುಗಿಸಿ ಎರಡು ವರ್ಷ ಅರ್ಜಿ ಬರೆದು ಬರೆದು ಸಾಕಾಗಿದ್ದ ನಾನು, ವಿಮಲಾಬಾಯಿ. ಆ ಕೆಲಸ ನನಗೇ ಬೇಕಿತ್ತು. ಹೇಳಿಕೊಳ್ಳಲು ನಾಚಿಕೆಯೇನು?

ಫೋರ್‌ಮನ್ ಮಡಿವಾಳಯ್ಯನವರು ಮೂವರಿಗೂ ಒಂದೊಂದು ಆಪ್-ಆಂಪ್ ಬೋರ್ಡು ಕೊಟ್ಟರು. ಒಳಗೆ ಕೊಟ್ಟ ಸಣ್ಣ ವೋಲ್ಟೇಜನ್ನು, ಪ್ಲಸ್ಸನ್ನು ಮೈನಸ್ ಮಾಡದೆ, ದೊಡ್ಡದು ಮಾಡಿ ಹೊರಗೆ ಕೊಡುವ ಸರ್ಕ್ಯೂಟು ಅದು. ಎಷ್ಟು ಪಟ್ಟು ದೊಡ್ಡದಾಯಿತು ಎಂಬುದೇ ಗೇನ್. ಅದನ್ನು ಅಳೆದು ಬರೆಯಬೇಕು. ಸೂತ್ರದ ಪ್ರಕಾರ ಹನ್ನೊಂದು ಬರಬೇಕೆಂದು ಮೂವರಿಗೂ ಗೊತ್ತಿತ್ತು.

ಅಡುಗೆಯಾಗಲಿ ವೋಲ್ಟೇಜಾಗಲಿ, ನನ್ನದು ಧಾರಾಳ ಕೈ. ಒಳಗೆ ಎರಡು ವೋಲ್ಟ್ ಕೊಟ್ಟೆ. ಹೊರಗಿನ ಮೀಟರಿನ ಮುಳ್ಳು ಹತ್ತೂವರೆಗೆ ಬಂದು ನಿಂತುಬಿಟ್ಟಿತು. ಗೇನ್ ಬರೀ ಐದೂಕಾಲು!

ಉಳಿದಿಬ್ಬರು ಆಗಲೇ ಹನ್ನೊಂದು ಎಂದು ಬರೆದು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನನಗೂ ಹಾಗೇ ಬರೆಯುವ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಮುಳ್ಳು ಕಣ್ಣೆದುರಿಗೇ ಇದೆಯಲ್ಲ! ಐದೂಕಾಲು ಎಂದೇ ಬರೆದೆ.

"ಇದೇನ್ರಿ ಬಾಯಾರ? ಅವರಿಬ್ಬರದೂ ಹನ್ನೊಂದು ಬಂದದ," ಎಂದರು ಮಡಿವಾಳಯ್ಯನವರು.

"ಮೀಟರ್ ತೋರ್ಸಿದ್ದೇ ಬರದೀನ್ರಿ ಸಾಹೇಬ್ರ. ಯಾಕ ಹಿಂಗಾತು ಅಂತ ನೋಡ್ಲಿಕತ್ತೀನಿ. ಐದು ಮಿನಿಟ್ ಕೊಡ್ರಿ."

ಬೋರ್ಡಿಗೆ ಬರುವ ಸಪ್ಲೈ ಅಳೆದೆ. ಹನ್ನೆರಡು ವೋಲ್ಟ್; ಅದರಲ್ಲೂ ಒಂದೂವರೆಯಷ್ಟು ಸರ್ಕ್ಯೂಟು ತನಗೇ ಇಟ್ಟುಕೊಳ್ಳುತ್ತದೆ. ಎರಡಕ್ಕೆ ಹನ್ನೊಂದು ಪಟ್ಟು ಎಂದರೆ ನಾನು ಕೇಳುತ್ತಿದ್ದದ್ದು ಇಪ್ಪತ್ತೆರಡು! ಪಾಪ, ತನ್ನ ಹತ್ತಿರ ಇಲ್ಲದ್ದನ್ನು ಅದು ಎಲ್ಲಿಂದ ಕೊಟ್ಟೀತು? ನನಗೆ ನಗು ಬಂತು. ಒಳಗಿನದನ್ನು ಅರ್ಧ ವೋಲ್ಟಿಗೆ ಇಳಿಸಿದೆ. ಹೊರಗೆ ಸರಿಯಾಗಿ ಐದೂವರೆ.

"ಬಂತ್ರಿ! ಹನ್ನೊಂದು ಬಂತು!" ಎಂದು ಕೂಗಿಯೇ ಬಿಟ್ಟೆ.

ಮಡಿವಾಳಯ್ಯನವರು ಉಳಿದಿಬ್ಬರ ಕಡೆ ತಿರುಗಿದರು. "ನೀವೂ ತೋರಸ್ರಿ ನೋಡೋಣು." ಇಬ್ಬರೂ ಬೋರ್ಡಿನ ಸ್ವಿಚ್ಚೇ ಹಾಕಿರಲಿಲ್ಲ. ಕಾಶಪ್ಪ ತಲೆ ಕೆರೆದುಕೊಂಡ. ಭಗವಂತ ನಕ್ಕುಬಿಟ್ಟ.

"ನಾ ನಾಳಿ ಕೆಲಸಕ್ಕ ಬರ್ಲೇನ್ರಿ?" ಎಂದು ಮೆಲ್ಲಗೆ ಕೇಳಿದೆ.

"ನಾಳಿ ಯಾಕ? ಈಗೇ ನಡೀರಿ. ಭಟ್ಟಿ ಕಾವಿನ ಮೀಟರ್ ಮೂರು ದಿನದಿಂದ ಸುಳ್ಳು ಹೇಳ್ಲಿಕತ್ತದ."

ನೇಮಕದ ಪತ್ರ ಕೈಗೆ ಬಂದದ್ದು ಎಂಟು ದಿನದ ಮೇಲೆ. ಅಷ್ಟರಲ್ಲಿ ಭಟ್ಟಿಯ ಮೀಟರು ನಿಜ ಹೇಳತೊಡಗಿತ್ತು.