ಅಲ್ಪವಿರಾಮದ ಆಚೆ

ಕಣ್ಣಾಸ್ಪತ್ರೆಯ ಬೋರ್ಡಿನ ಮೇಲೆ ಹೆಸರುಗಳು ಒಂದಾದ ಮೇಲೊಂದು ಬೆಳಗಿ ಆರುತ್ತಿದ್ದವು. ಆ ಬೋರ್ಡಿನ ಪ್ರೋಗ್ರಾಮ್ ಬರೆದವನೇ ಬೆಳಗಿನಿಂದ ಅದರ ಕೆಳಗೆ ಕೂತಿದ್ದ, ಅವನ ಹೆಸರು ಮಾತ್ರ ಬರಲೊಲ್ಲದು. ಆಫೀಸಿನಲ್ಲಿ ಅವನನ್ನು ಸಿ ಮಾಮ ಎನ್ನುತ್ತಿದ್ದರು. ಉಳಿದವರೆಲ್ಲ ಹೊಸ ಹೊಸ ಪ್ರೋಗ್ರಾಮಿಂಗ್ ಭಾಷೆಗಳ ಬೆನ್ನು ಹತ್ತಿದರೂ ಈ ಮಹರಾಯ ಹಳೆಯ ಸಿ ಭಾಷೆ ಬಿಟ್ಟು ಕದಲಲಿಲ್ಲ, ಅಡ್ಡಹೆಸರು ಅಂಟಿಕೊಂಡಿತು. ಹೆಂಡತಿ ತೀರಿಹೋದ ಮೇಲೆ ನಿಜವಾದ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ.

ಎಡಗಣ್ಣಿನಲ್ಲಿ ಒಂದು ಕಪ್ಪು ಚುಕ್ಕೆ ಓಡಾಡುತ್ತಿತ್ತು. ಮೊದಲು ಅದು ಸ್ಕ್ರೀನಿನ ಕೊಳೆ ಎಂದುಕೊಂಡು ಒರೆಸಿದ. ಕೊಳೆ ಪಕ್ಕಕ್ಕೆ ಸರಿದು ನಿಂತಿತು. ಅಕ್ಷರ ಕಾಣದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಮಾತಾಡಿಸುವವರೂ ಇಲ್ಲ. ರೆಟಿನಾ ಡಾಕ್ಟರು ಸಂಜೆ ಹೊರಟರೆ ಮತ್ತೆ ಸಿಗುವುದು ಮುಂದಿನ ವಾರ. ಇವತ್ತೇ ತೋರಿಸಲೇಬೇಕು.

ಬೆಳಿಗ್ಗೆ ಕೌಂಟರಿನಾಕೆ, ಕೆಲಸಕ್ಕೆ ಹೊಸಬಳು, ಕೇಳಿದ್ದಳು. "ಜೊತೆಗೆ ಯಾರು ಬಂದಿದಾರೆ ಸಾರ್?"

"ಯಾರೂ ಇಲ್ಲ."

"ಡ್ರಾಪ್ಸ್ ಹಾಕಿದ್ರೆ ಕಣ್ಣು ಮಂಜಾಗುತ್ತೆ. ಮನೇಗೆ ಹೇಗೆ ಹೋಗ್ತೀರ?"

"ನಿಧಾನಕ್ಕೆ ಹೋಗ್ತೀನಿ."

ಆಕೆ ಅವನ ಹೆಸರೊಂದನ್ನೇ ಟೈಪು ಮಾಡಿ ಮುಂದಿನವರನ್ನು ಕರೆದಳು.

ಮಧ್ಯಾಹ್ನದ ಹೊತ್ತಿಗೆ ಅವನಾದ ಮೇಲೆ ಬಂದವರೂ ತೋರಿಸಿಕೊಂಡು ಮನೆಗೆ ಹೋಗಿದ್ದರು. ಪಕ್ಕದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಜ್ಜಿಗೆ ಇನ್ನು ಸುಮ್ಮನಿರಲಾಗಲಿಲ್ಲ.

"ಒಬ್ನೇ ಬಂದಿದೀಯೇನಪ್ಪ?"

"ಹೂಂ ಅಜ್ಜಿ."

"ಹಾಗಂತ ಅಲ್ಲಿ ಹೇಳ್ಬಿಟ್ಯಾ? ಕೆಟ್ಟೆ ಬಿಡು. ಒಂಟಿ ಹೆಸರು ಆ ಬೋರ್ಡಿಗೆ ಆಗಿಬರಲ್ಲ. ಇಲ್ಲಿಗೆ ಬಂದು ಬಂದು ನಮಗೆಲ್ಲ ಗೊತ್ತಾಗಿದೆ. ನಾನು ನಮ್ಮ ಯಜಮಾನ್ರ ಹೆಸರು ಹೇಳ್ತೀನಿ."

"ಅವರೆಲ್ಲಿ?"

"ಅವರೆಲ್ಲಿಂದ ಬರ್ತಾರೆ? ಹೋಗಿ ಎಷ್ಟೋ ವರ್ಷ ಆಯ್ತು." ಅಜ್ಜಿ ನಕ್ಕಳು. "ಆದ್ರೂ ಇಲ್ಲಿಗೆ ಮಾತ್ರ ತಪ್ಪದೆ ಬರ್ತಾರೆ ನೋಡು."

ಅಷ್ಟರಲ್ಲಿ ಬೋರ್ಡಿನ ಮೇಲೆ ಅಜ್ಜಿಯ ಹೆಸರು ಬಂತು. ಅವಳು ಎದ್ದು ಹೋದಳು. ಸಿ ಮಾಮನಿಗೆ ತಾನು ಬರೆದ ಪ್ರೋಗ್ರಾಮ್ ನೆನಪಾಯಿತು.

ಕೌಂಟರಿನಿಂದ ಬರುವ ಸಾಲಿನಲ್ಲಿ ಮೊದಲು ರೋಗಿಯ ಹೆಸರು, ನಂತರ ಅಲ್ಪವಿರಾಮ, ಅದರಾಚೆಗೆ ಜೊತೆಗೆ ಬಂದವರ ಹೆಸರು. ಬೋರ್ಡಿಗೆ ಬೇಕಾದದ್ದು ರೋಗಿಯ ಹೆಸರಷ್ಟೇ. ಆದ್ದರಿಂದ strchr ಎಂಬ ಫಂಕ್ಷನ್ನಿಗೆ ಅಲ್ಪವಿರಾಮ ಹುಡುಕುವ ಕೆಲಸ ಒಪ್ಪಿಸಿದ್ದ. ಅದು ಒಂದೊಂದೇ ಅಕ್ಷರ ನೋಡುತ್ತ ಹೋಗುತ್ತದೆ. ಸಿಕ್ಕರೆ ಆ ಜಾಗ ತೋರಿಸುತ್ತದೆ, ಸಾಲು ಮುಗಿದರೂ ಸಿಗದಿದ್ದರೆ ನಲ್, ಅಂದರೆ ಏನೂ ಇಲ್ಲ, ಎಂದು ಕೈಚೆಲ್ಲುತ್ತದೆ. ನಲ್ ಬಂದರೆ ಸಾಲು ಕೆಟ್ಟಿದೆ, ಬಿಟ್ಟು ಮುಂದೆ ಹೋಗು ಎಂದು ಬರೆದಿದ್ದವನು ಅವನೇ. ಆಗ ಹೆಂಡತಿ ಇದ್ದಳು, ತಲೆನೋವಿನ ಮಾತ್ರೆ ತರಲು ಹೊರಟರೂ ಚಪ್ಪಲಿ ಮೆಟ್ಟಿ ಜೊತೆಗೆ ಬರುವವಳು. ಮನುಷ್ಯ ಆಸ್ಪತ್ರೆಗೆ ಒಬ್ಬನೇ ಬರಬಹುದು ಎಂಬುದು ಆ ಬುದ್ಧಿವಂತನಿಗೆ ಹೊಳೆದೇ ಇರಲಿಲ್ಲ.

ಎದ್ದು ಕೌಂಟರಿಗೆ ಹೋದ. "ನನ್ನ ಹೆಸರಾದ ಮೇಲೆ ಒಂದು ಕಾಮಾ ಹಾಕಿ."

"ಆಮೇಲೆ ಯಾರ ಹೆಸರು ಸಾರ್?"

"ಏನೂ ಬೇಡ. ಕಾಮಾ ಸಾಕು."

ಆಕೆ ಅವನನ್ನು ವಿಚಿತ್ರವಾಗಿ ನೋಡಿ ಒತ್ತಿದಳು. ಅವನು ಕುರ್ಚಿಗೆ ಮರಳುವಷ್ಟರಲ್ಲಿ ಹೆಸರು ಬೆಳಗಿತು. ಡಾಕ್ಟರು ಬೆಳಕು ಬಿಟ್ಟು ನೋಡಿ, ಸದ್ಯಕ್ಕೆ ಗಾಬರಿಯಿಲ್ಲ, ಮುಂದಿನ ತಿಂಗಳು ಬನ್ನಿ ಎಂದರು. ಗೋಡೆ ಹಿಡಿದು, ರಸ್ತೆ ದಾಟುವವರ ಬೆನ್ನು ಹಿಡಿದು ಮನೆ ಸೇರಿದ. ಬೀಗದ ತೂತು ಹುಡುಕಲು ತುಂಬಾ ಹೊತ್ತು ಹಿಡಿಯಿತು. ಒಳಗಿಂದ ಬಾಗಿಲು ತೆಗೆಯುವವರಿಲ್ಲ ಎನ್ನುವುದು ಅವತ್ತು ಹೊಸದಾಗಿ ಚುಚ್ಚಿತು.

ಮರುದಿನ ಆಫೀಸಿಗೆ ಹೋಗಿ ಪ್ರೋಗ್ರಾಮಿನ ಆ ಸಾಲನ್ನು ತಿದ್ದಿದ. ನಲ್ ಬಂದರೆ ಇರುವಷ್ಟು ಹೆಸರನ್ನೇ ತೋರಿಸು. ಒಳ್ಳೆಯ ಕೆಲಸ ಮಾಡಿದೆನೆಂದು ಬೀಗಿದ್ದೂ ಉಂಟು.

ಮುಂದಿನ ತಿಂಗಳು ಹೋದಾಗ ಅದೇ ಅಜ್ಜಿ ಮುಖ ಊದಿಸಿಕೊಂಡು ಕೌಂಟರಿನಿಂದ ಹಿಂದಿರುಗುತ್ತಿದ್ದಳು.

"ಯಾಕಜ್ಜಿ?"

"ಯಾರೋ ಪುಣ್ಯಾತ್ಮ ಬೋರ್ಡು ಸರಿ ಮಾಡಿದಾನಂತೆ. ಒಬ್ರೇ ಬಂದ್ರೂ ಕರೆಯುತ್ತಂತೆ, ಜೊತೆಗೆ ಯಾರು ಅಂತ ಕೇಳ್ಲೇ ಇಲ್ಲ." ಅಜ್ಜಿ ಚೀಲದ ಹಿಡಿ ತಿರುಚಿದಳು. "ಮನೇಲಿ ಅವರ ಹೆಸರು ಹೇಳೋ ಪ್ರಸಂಗಾನೇ ಬರಲ್ಲಪ್ಪ. ಇಲ್ಲಿ ಬಂದಾಗ ಒಂದ್ಸಲ ಬಾಯ್ತುಂಬ ಹೇಳ್ತಿದ್ದೆ. ಅದೂ ಹೋಯ್ತು."

ಆ ಪುಣ್ಯಾತ್ಮ ನಾನೇ ಎನ್ನಲು ಸಿ ಮಾಮನಿಗೆ ಬಾಯಿ ಬರಲಿಲ್ಲ. "ಹೇಳಿದ್ರೂ ಏನೂ ತೊಂದರೆ ಇಲ್ಲ ಅಜ್ಜಿ. ಹೋಗಿ ಹೇಳಿ, ಬರ್ಕೋತಾರೆ."

ಅಜ್ಜಿ ಹೋಗಿ ಹೇಳಿದಳು. ಅವಳ ಹಿಂದೆ ಅವನು ನಿಂತ.

"ನಿಮ್ದು ಒಬ್ಬರದೇ ಅಲ್ವಾ ಸಾರ್?" ಎಂದು ಕೌಂಟರಿನಾಕೆ ಟೈಪು ಮಾಡತೊಡಗಿದಳು.

"ಇಲ್ಲ, ತಾಳಿ," ಎಂದ. ಆಮೇಲೆ ಹೆಂಡತಿಯ ಹೆಸರು ಹೇಳಿದ. ಎಷ್ಟೋ ಕಾಲದ ಮೇಲೆ ಆ ಹೆಸರನ್ನು ತನ್ನದೇ ದನಿಯಲ್ಲಿ ಕೇಳಿ ಅವನ ಕಣ್ಣು ಡ್ರಾಪ್ಸ್ ಹಾಕುವ ಮೊದಲೇ ಮಂಜಾಯಿತು.

ಅವನು ಅಜ್ಜಿಯ ಪಕ್ಕ ಬಂದು ಕೂತ. ಸ್ವಲ್ಪ ಹೊತ್ತಿಗೆ ಬೋರ್ಡಿನ ಮೇಲೆ ಅವನೊಬ್ಬನ ಹೆಸರೇ ಬಂತು. ಅಲ್ಪವಿರಾಮದ ಆಚೆ ಇರುವವರನ್ನು ತೋರಿಸಬೇಡ ಎಂದು ಬರೆದಿದ್ದವನೂ ಅವನೇ.